ಒಂದು ಗಂಟೆ ಜಾಸ್ತಿ ಕೊಟ್ಟರೆ ಅನ್ಯಾಯವಾ? ಕಲಿಕಾ ನ್ಯೂನತೆಯ ಮಕ್ಕಳ ಪರೀಕ್ಷಾ ರಿಯಾಯಿತಿಗೆ ಸಮಗ್ರ ಮಾರ್ಗದರ್ಶಿ

ಕಳೆದ ಸಲ ಪೋಷಕರ ಸಭೆ ಮುಗಿದ ಮೇಲೆ ಒಬ್ಬ ತಾಯಿ ನನಗಾಗಿ ಕಾದು ನಿಂತಿದ್ದರು. "ಮೇಷ್ಟ್ರೇ, ನನ್ನ ಮಗಳು ರಾತ್ರಿ ಹನ್ನೊಂದರವರೆಗೆ ಕೂತು ಓದ್ತಾಳೆ. ಅವಳಿಗೆ ಮೂರೇ ಗಂಟೆ. ಆ ಹುಡುಗನಿಗೆ ಮಾತ್ರ ಒಂದು ಗಂಟೆ ಜಾಸ್ತಿ, ಬರೆಯೋಕೆ ಬೇರೆ ಹುಡುಗಿ. ಇದು ನ್ಯಾಯವಾ?" ಅಂತ ಕೇಳಿದರು. ದನಿಯಲ್ಲಿ ಕೋಪ ಇರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಅಂತಲೇ ಕೇಳಿದ್ದರು.

ನಿಂತಲ್ಲೇ ಒಂದೆರಡು ಮಾತು ಹೇಳಿ ಕಳಿಸಿದೆ. ಅವರಿಗೆ ಸಮಾಧಾನ ಆಗಲಿಲ್ಲ, ನನಗೂ ಆಗಲಿಲ್ಲ. ಅವತ್ತು ಹೇಳಬೇಕಾಗಿದ್ದನ್ನು ಈಗ ಬಿಡಿಸಿ ಬರೆಯುತ್ತಿದ್ದೇನೆ. ಕಲಿಕಾ ನ್ಯೂನತೆ, ಅಂದರೆ ಬುದ್ಧಿ ಇದ್ದೂ ಓದು, ಬರಹ ಇಲ್ಲವೇ ಲೆಕ್ಕದಲ್ಲಿ ತೊಂದರೆ ಇರುವ ಮಗುವಿನ ಅಪ್ಪ–ಅಮ್ಮನಿಗೆ, ಅಂಥ ಮಗು ತರಗತಿಯಲ್ಲಿರುವ ಶಿಕ್ಷಕರಿಗೆ, ಜೊತೆಗೆ ಆ ತಾಯಿಗೂ ಇದು ಬೇಕು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಹಾಗಾಗಿ ಉದಾಹರಣೆಗಳು ಗಣಿತದ ಕಡೆಗೇ ಜಾಸ್ತಿ ವಾಲುತ್ತವೆ.

ಹೆಜ್ಜೆ 1: ಈ ಪ್ರಶ್ನೆ ಏನನ್ನು ಅಳೆಯುತ್ತಿದೆ ಅಂತ ಮೊದಲು ಕೇಳಿ

ರಿಯಾಯಿತಿ ನ್ಯಾಯವೋ ಅನ್ಯಾಯವೋ ಅಂತ ಒಟ್ಟಾರೆ ಕೇಳಿದರೆ ಉತ್ತರ ಸಿಗುವುದಿಲ್ಲ. ಪ್ರಶ್ನೆಪತ್ರಿಕೆ ಬಿಡಿಸಿಟ್ಟುಕೊಂಡು ಒಂದೊಂದೇ ಪ್ರಶ್ನೆ ನೋಡಬೇಕು. ಇದನ್ನು ಕೇಳಿದ್ದು ಮಗುವಿನಲ್ಲಿ ಏನಿದೆ ಅಂತ ತಿಳಿಯೋಕೆ?

ಕೆಲವು ವರ್ಷದ ಹಿಂದೆ ಹತ್ತನೇ ತರಗತಿಯ ಒಂದು ಕಿರುಪರೀಕ್ಷೆಯಲ್ಲಿ ಹೀಗೊಂದು ಲೆಕ್ಕ ಕೊಟ್ಟಿದ್ದೆ. ಒಂದು ಬಸ್ಸು 300 ಕಿ.ಮೀ. ದೂರವನ್ನು ಏಕರೂಪ ಜವದಲ್ಲಿ ಕ್ರಮಿಸುತ್ತದೆ. ಜವ ಗಂಟೆಗೆ 10 ಕಿ.ಮೀ. ಹೆಚ್ಚಾಗಿದ್ದರೆ ಪ್ರಯಾಣ 1 ಗಂಟೆ ಬೇಗ ಮುಗಿಯುತ್ತಿತ್ತು. ಬಸ್ಸಿನ ಜವ ಎಷ್ಟು?

ಹಿಂದಿನ ಬೆಂಚಿನ ಒಬ್ಬ ಹುಡುಗ ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದ. "ಏ... ಕ... ರೂ... ಪ..." "ಕ್ರಮಿಸುತ್ತದೆ" ಅನ್ನೋ ಪದಕ್ಕೆ ಬಂದಾಗ ಬೆರಳು ನಿಂತಿತು. ಹೇಗೋ ದಾಟಿದ. ಪ್ರಶ್ನೆಯ ಕೊನೆ ಮುಟ್ಟುವಷ್ಟರಲ್ಲಿ ಮೊದಲಿನ 300 ತಲೆಯಿಂದ ಜಾರಿತ್ತು. ಮತ್ತೆ ಮೇಲೆ ಹೋದ. ಹೀಗೆ ನಾಲ್ಕು ಸಲ. ಗಂಟೆ ಹೊಡೆದಾಗ ಆ ಜಾಗ ಖಾಲಿ ಇತ್ತು.

ಊಟದ ಬಿಡುವಿನಲ್ಲಿ ಅವನನ್ನು ಕರೆದು ಅದೇ ಲೆಕ್ಕವನ್ನು ನಾನೇ ಓದಿ ಹೇಳಿದೆ. ಸೂರು ನೋಡುತ್ತಾ ನಿಂತ. "ಸರ್, ಐವತ್ತಿದ್ರೆ ಆರು ಗಂಟೆ. ಅರವತ್ತಾದ್ರೆ ಐದು. ಐವತ್ತು ಸರ್" ಅಂದ. ಹೇಗೆ ಅಂತ ಕೇಳಿದ್ದಕ್ಕೆ ಕರಿಹಲಗೆಯ ಮೇಲೆ ವರ್ಗ ಸಮೀಕರಣವನ್ನೂ ಮಾಡಿ ತೋರಿಸಿದ. ಅದೇ ಹುಡುಗನ ಪ್ರಗತಿ ಪತ್ರದಲ್ಲಿ ಎರಡು ವರ್ಷದಿಂದ "ಗಮನ ಸಾಲದು" ಅಂತ ಬರೆಯುತ್ತಾ ಬಂದಿದ್ದವನು ನಾನೇ. ಆ ಎರಡು ಪದ ನೆನಪಾದಾಗ ಇವತ್ತಿಗೂ ಸಂಕಟವಾಗುತ್ತದೆ.

ಆ ಲೆಕ್ಕ ಅಳೆಯಬೇಕಾಗಿದ್ದು ವರ್ಗ ಸಮೀಕರಣವನ್ನು. ಅದು ಅಳೆದದ್ದು ಓದುವ ವೇಗವನ್ನು. ಓದಿ ಹೇಳಿದ್ದರಿಂದಾಗಲಿ, ಇನ್ನಷ್ಟು ಹೊತ್ತು ಕೊಟ್ಟಿದ್ದರಿಂದಾಗಲಿ ವರ್ಗ ಸಮೀಕರಣ ಒಂದಿಷ್ಟೂ ಸುಲಭ ಆಗುವುದಿಲ್ಲ. ಗೊತ್ತಿಲ್ಲದವನಿಗೆ ಹತ್ತು ಸಲ ಓದಿ ಹೇಳಿದರೂ ಐವತ್ತು ಬರೋದಿಲ್ಲ. ಇಂಥ ಕಡೆ ರಿಯಾಯಿತಿ ಪೂರ್ತಿ ನ್ಯಾಯ.

ಕನ್ನಡ ಪತ್ರಿಕೆಯ ಅಪಠಿತ ಗದ್ಯಭಾಗಕ್ಕೆ ಬನ್ನಿ. ಅಲ್ಲಿ ಅಳೆಯುವುದೇ ಓದಿ ಗ್ರಹಿಸುವುದನ್ನು. ಅದನ್ನು ಬೇರೆಯವರು ಓದಿ ಹೇಳಿದರೆ ಪರೀಕ್ಷೆ ಕೇಳಿ ಗ್ರಹಿಸುವುದರ ಕಡೆಗೆ ತಿರುಗುತ್ತದೆ. ಅದು ತಪ್ಪು ಅಂತ ನಾನು ಹೇಳೋದಿಲ್ಲ, ಮಗುವಿನ ತೊಂದರೆ ತೀರಾ ಜಾಸ್ತಿ ಇದ್ದರೆ ಬೇರೆ ದಾರಿಯೂ ಇರಲ್ಲ. ಆದರೆ ಬದಲಾವಣೆ ಆಗಿದೆ ಅಂತ ಒಪ್ಪಿಕೊಳ್ಳಬೇಕು. ನಿಧಾನಕ್ಕೆ ಓದಬಲ್ಲ ಮಗುವಾದರೆ ಇಲ್ಲಿ ಓದಿ ಹೇಳುವುದಕ್ಕಿಂತ ಹೆಚ್ಚುವರಿ ಸಮಯವೇ ಸರಿಯಾದ ಸಹಾಯ.

ವಿಜ್ಞಾನದಲ್ಲಿ ಕಾಗುಣಿತದ ವಿಷಯ ಬರುತ್ತದೆ. "ದ್ಯುತಿಸಂಶ್ಲೇಷಣೆ"ಯನ್ನು ಮಗು "ದುತಿಸಂಸೇಷಣೆ" ಅಂತ ಬರೆದು, ಎಲೆ, ಬೆಳಕು, ನೀರು, ಇಂಗಾಲದ ಡೈಆಕ್ಸೈಡ್ ಎಲ್ಲವನ್ನೂ ಸರಿಯಾಗಿ ಹೇಳಿದ್ದರೆ ಅಂಕ ಕಳೆಯುವುದು ಅನ್ಯಾಯ. ಅದೇ ಮಗು "ನೈಟ್ರೇಟ್" ಇರಬೇಕಾದಲ್ಲಿ "ನೈಟ್ರೈಟ್" ಅಂತ ಬರೆದರೆ? ಅವೆರಡೂ ಬೇರೆ ಬೇರೆ ವಸ್ತು. ಅಲ್ಲಿ ಒಂದು ಗುಣಿತಾಕ್ಷರದೊಳಗೇ ವಿಷಯ ಇದೆ. ಕಾಗುಣಿತ ಬಿಟ್ಟುಬಿಡಿ ಅಂತ ಸುಮ್ನೆ ಒಂದು ಸಾಲಿನ ನಿಯಮ ಮಾಡೋಕೆ ಆಗಲ್ಲ. ಶಿಕ್ಷಕರು ಇದನ್ನು ಮೊದಲೇ ಕೂತು ಮಾತಾಡಿಕೊಳ್ಳಬೇಕು.

ಹೆಜ್ಜೆ 2: ಕನ್ನಡದಲ್ಲಿ ತೊಂದರೆ ಹೇಗೆ ಕಾಣುತ್ತದೆ ಅಂತ ತಿಳಿದುಕೊಳ್ಳಿ

ಡಿಸ್ಲೆಕ್ಸಿಯಾ, ಅಂದರೆ ಓದಿನಲ್ಲಿ ಕಾಣುವ ಕಲಿಕಾ ನ್ಯೂನತೆ, ಅದರ ಬಗ್ಗೆ ನಾವು ಕೇಳಿರುವ ವಿವರಗಳಲ್ಲಿ ಬಹಳಷ್ಟು ಇಂಗ್ಲಿಷಿನವು. ಅಕ್ಷರ ತಿರುಗಿಸಿ ಬರೆಯುತ್ತಾರೆ, ತಪ್ಪು ತಪ್ಪಾಗಿ ಓದುತ್ತಾರೆ ಅಂತ. ಕನ್ನಡದಲ್ಲಿ ಬರೆದ ಹಾಗೇ ಓದುತ್ತೇವೆ. ಅಕ್ಷರ ಗೊತ್ತಿದ್ದರೆ ಪದ ಹೇಗೋ ಕೂಡಿಸಿಬಿಡಬಹುದು. ಅದರಿಂದ ನಮ್ಮ ಮಕ್ಕಳಲ್ಲಿ ತೊಂದರೆ ಎಷ್ಟೋ ಸಲ ತಪ್ಪಿನ ರೂಪದಲ್ಲಿ ಕಾಣದೆ ನಿಧಾನದ ರೂಪದಲ್ಲಿ ಕಾಣುತ್ತದೆ. ಮಗು ಸರಿಯಾಗೇ ಓದುತ್ತದೆ, ಆದರೆ ಒಂದು ಪ್ಯಾರಾಕ್ಕೆ ಬೇರೆಯವರ ಮೂರರಷ್ಟು ಹೊತ್ತು ಬೇಕು. ಶಿಕ್ಷಕರು "ಓದ್ತಾನಲ್ಲ, ಏನೂ ಇಲ್ಲ ಬಿಡಿ" ಅನ್ನುತ್ತಾರೆ. ಆ ಮಗು ಹಾಗೇ ಹತ್ತನೇ ತರಗತಿವರೆಗೆ ಬಂದುಬಿಡುತ್ತದೆ.

ಬರವಣಿಗೆಯಲ್ಲಿ ನೋಡಬೇಕಾದದ್ದು ಒತ್ತಕ್ಷರ ಮತ್ತು ದೀರ್ಘ. "ಹತ್ತು" ಹೋಗಿ "ಹತು", "ಅಕ್ಕ" ಹೋಗಿ "ಅಕ". ಐದನೇ ತರಗತಿ ದಾಟಿದ ಮೇಲೂ ಇದು ನಿಲ್ಲದಿದ್ದರೆ, ಹಲಗೆ ನೋಡಿ ನಕಲು ಮಾಡುವಾಗಲೂ ಬಿಟ್ಟುಹೋಗುತ್ತಿದ್ದರೆ ಗಮನ ಕೊಡಿ. ಕನ್ನಡ ಅಕ್ಷರಗಳ ಕಲಿಕೆ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ ಮಾಡಿರುವ ಕೆಲಸದಿಂದ ಒಂದು ಮಾತು ಗೊತ್ತಾಗಿದೆ. ಗುಣಿತ, ಒತ್ತು ಎಲ್ಲ ಸೇರಿ ನೂರಾರು ರೂಪ ಇರುವುದರಿಂದ ಸಾಮಾನ್ಯ ಮಕ್ಕಳಿಗೂ ಇದನ್ನು ಪೂರ್ತಿ ಕೈವಶ ಮಾಡಿಕೊಳ್ಳೋಕೆ ಕೆಲವು ವರ್ಷ ಬೇಕು. ಹಾಗಾಗಿ ಎರಡನೇ ತರಗತಿಯ ಮಗು ಒತ್ತು ಬಿಟ್ಟರೆ ಗಾಬರಿಯಾಗಬೇಡಿ. ಏಳನೇ ತರಗತಿಯ ಮಗು ಬಿಟ್ಟರೆ ಸುಮ್ಮನಿರಬೇಡಿ.

ಇನ್ನೊಂದು ಗುರುತು, ಬಾಯಿ ಉತ್ತರಕ್ಕೂ ಬರೆದ ಉತ್ತರಕ್ಕೂ ಇರುವ ದೂರ. ಇತಿಹಾಸದ ಪಾಠ ಕಥೆ ಥರ ಹೇಳುವ ಮಗು ಹಾಳೆ ಮೇಲೆ ಎರಡೇ ಸಾಲು ಬರೆದರೆ ಆ ಹಾಳೆ ಎಸೆಯಬೇಡಿ. ದಿನಾಂಕ ಹಾಕಿ ಎತ್ತಿಡಿ. ಎಷ್ಟು ನಿಮಿಷ ಹಿಡಿಯಿತು ಅಂತಲೂ ಮೂಲೆಯಲ್ಲಿ ಬರೆಯಿರಿ. ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 3: ತಪಾಸಣೆ ಮತ್ತು ಪ್ರಮಾಣಪತ್ರ

ಮೊದಲು ಕಣ್ಣು, ಕಿವಿ ತೋರಿಸಿ. ಇದನ್ನು ಬಿಟ್ಟು ನೇರವಾಗಿ ಕಲಿಕಾ ನ್ಯೂನತೆ ಅಂದುಕೊಂಡು ಓಡಾಡಿದವರನ್ನು ನೋಡಿದ್ದೇನೆ.

ಅಲ್ಲೇನೂ ತೊಂದರೆ ಇಲ್ಲ ಅಂದಮೇಲೆ ಸರ್ಕಾರಿ ಜಿಲ್ಲಾ ಆಸ್ಪತ್ರೆಯ ಮೂಲಕ ಹೋಗಬಹುದು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸದಲ್ಲಿ ಹಳೆಯವು. ಕಲಿಕಾ ನ್ಯೂನತೆ ಅಳೆಯೋಕೆ 2018ರ ಕೇಂದ್ರ ಮಾರ್ಗಸೂಚಿ ಹೆಸರಿಸಿದ್ದು ನಿಮ್ಹಾನ್ಸ್ ಪರೀಕ್ಷಾ ಸಮೂಹವನ್ನು. ಅದರಲ್ಲಿ ಓದು, ಕಾಗುಣಿತ, ಬರವಣಿಗೆ, ಗಣಿತ, ಗಮನ, ನೆನಪು ಎಲ್ಲ ಬೇರೆ ಬೇರೆಯಾಗಿ ನೋಡುತ್ತಾರೆ. ಜೊತೆಗೆ ಬುದ್ಧಿಮಟ್ಟದ ಪರೀಕ್ಷೆಯೂ ಇರುತ್ತದೆ. ಒಂದೇ ದಿನದಲ್ಲಿ ಮುಗಿಯದೇ ಇರಬಹುದು. ಮಗುವಿಗೆ ಹೊಟ್ಟೆ ತುಂಬ ತಿನ್ನಿಸಿ, ಚೆನ್ನಾಗಿ ನಿದ್ದೆ ಮಾಡಿಸಿ ಕರೆದುಕೊಂಡು ಹೋಗಿ.

ಒಂದು ವಿಷಯ ಗಟ್ಟಿಯಾಗಿ ಕೇಳಿ. ಮಗು ಕನ್ನಡ ಮಾಧ್ಯಮದ್ದಾದರೆ ಕನ್ನಡದಲ್ಲೂ ಓದಿಸಿ, ಬರೆಸಿ ನೋಡಬೇಕು. ಬರೀ ಇಂಗ್ಲಿಷ್ ಪಠ್ಯ ಕೊಟ್ಟು ಅಳೆದರೆ ಇಂಗ್ಲಿಷ್ ಬಾರದಿರುವುದು ಯಾವುದು, ನ್ಯೂನತೆ ಯಾವುದು ಅಂತ ಬೇರ್ಪಡಿಸೋಕೆ ಆಗುವುದಿಲ್ಲ. ಹಳ್ಳಿ ಮಕ್ಕಳಿಗೆ ಆಗುವ ದೊಡ್ಡ ಅನ್ಯಾಯ ಇದು ಅಂತ ನನಗನ್ನಿಸುತ್ತದೆ.

ವಯಸ್ಸಿನ ಲೆಕ್ಕ ನೆನಪಿಡಿ. ಅದೇ ಮಾರ್ಗಸೂಚಿಯ ಪ್ರಕಾರ ಪ್ರಮಾಣಪತ್ರ ಕೊಡುವುದು 8 ವರ್ಷದ ನಂತರ. ಮತ್ತೆ 14ಕ್ಕೊಮ್ಮೆ, 18ಕ್ಕೊಮ್ಮೆ ಪರೀಕ್ಷೆ. 18ರಲ್ಲಿ ಕೊಟ್ಟದ್ದು ಜೀವನಪೂರ್ತಿ ನಡೆಯುತ್ತದೆ. 14 ಅಂದರೆ ಎಂಟು–ಒಂಬತ್ತನೇ ತರಗತಿ. ಐದನೇ ತರಗತಿಯಲ್ಲಿ ಮಾಡಿಸಿದ ಪತ್ರ ಕಪಾಟಿನಲ್ಲಿದೆ ಅಂತ ನಿಶ್ಚಿಂತೆಯಿಂದಿದ್ದು, ಎಸ್‌ಎಸ್‌ಎಲ್‌ಸಿ ಅರ್ಜಿ ಹಾಕುವಾಗ ಹಳೆಯದು ಅಂತ ವಾಪಸ್ ಬಂದರೆ ಕಷ್ಟ. ಪ್ರಮಾಣಪತ್ರ ಮತ್ತು ಯುಡಿಐಡಿ ಅನ್ನುವ ವಿಕಲಚೇತನರ ಗುರುತಿನ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್ ಮೂಲಕ ಅರ್ಜಿ. ಗೊತ್ತಾಗದಿದ್ದರೆ ಪಂಚಾಯ್ತಿಯ ವಿಆರ್‌ಡಬ್ಲ್ಯೂ, ತಾಲ್ಲೂಕಿನ ಎಂಆರ್‌ಡಬ್ಲ್ಯೂ (ಇಬ್ಬರೂ ವಿಕಲಚೇತನರಿಗೆ ನೆರವಾಗುವ ಪುನರ್ವಸತಿ ಕಾರ್ಯಕರ್ತರು) ಅವರನ್ನು ಕೇಳಿ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಬಿಐಇಆರ್‌ಟಿ ಅಂತ ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರುವ ಶಿಕ್ಷಕರಿರುತ್ತಾರೆ. ಎಷ್ಟೋ ಪೋಷಕರಿಗೆ ಅವರು ಇದ್ದಾರೆ ಅನ್ನೋದೇ ತಿಳಿದಿರುವುದಿಲ್ಲ.

ಹೆಜ್ಜೆ 4: ಕಾನೂನಿನಲ್ಲಿ ಏನಿದೆ ಅಂತ ಇಷ್ಟು ತಿಳಿದಿರಲಿ

1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಯ ನ್ಯೂನತೆ ಮಾತ್ರ ಇತ್ತು. ಕಲಿಕಾ ನ್ಯೂನತೆ ಅದರಲ್ಲಿ ಇರಲೇ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆ ಗುರುತಿಸಿತು, ಇದೂ ಸೇರಿತು. ಅದರ 16ನೇ ಸೆಕ್ಷನ್ ಪ್ರಕಾರ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆ ಮಾಡುವುದು ಶಾಲೆಯ ಕೆಲಸ. 17ನೇ ಸೆಕ್ಷನ್‌ನಲ್ಲಿ ಹೆಚ್ಚುವರಿ ಸಮಯ, ಲಿಪಿಕಾರ (ಮಗು ಹೇಳಿದ್ದನ್ನು ಬರೆದುಕೊಡುವವರು), ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಅಂತ ಹೆಸರು ಹೇಳಿಯೇ ಬರೆದಿದೆ. ಶಾಲೆ ಮಾಡುವ ಉಪಕಾರ ಅಲ್ಲ, ಮಗುವಿನ ಹಕ್ಕು. ಎಷ್ಟು ಸಮಯ ಅನ್ನೋದಕ್ಕೆ 2018ರ ಆಗಸ್ಟ್‌ನ ಕೇಂದ್ರ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಅಂತ ಹೇಳಿತು. ಸಿಬಿಎಸ್‌ಇ ಕೂಡ 3 ಗಂಟೆಯ ಪತ್ರಿಕೆಗೆ 60 ನಿಮಿಷ ಕೊಡುತ್ತದೆ.

ಕಚೇರಿಗಳಲ್ಲಿ "ನ್ಯೂನತೆ ಶೇ. 40 ಇಲ್ಲ, ಆಗಲ್ಲ" ಅನ್ನುವ ಮಾತು ಕೇಳಬೇಕಾಗಬಹುದು. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ನಾಗರಿಕ ಸೇವಾ ಪರೀಕ್ಷೆಯ ಅಭ್ಯರ್ಥಿ ಅವರು. ಶೇ. 40ರ ಗೆರೆ ಮೀಸಲಾತಿಯಂಥ ಸೌಲಭ್ಯಕ್ಕೆ, ಲಿಪಿಕಾರನನ್ನು ಕೊಡೋಕೆ ಅದನ್ನೇ ಷರತ್ತು ಮಾಡುವಂತಿಲ್ಲ ಅಂತ ಕೋರ್ಟ್ ಹೇಳಿತು. ದುರುಪಯೋಗ ಆಗಬಹುದು ಅನ್ನುವ ಭಯಕ್ಕೆ ನಿಜವಾಗಿ ಬೇಕಾದವರಿಗೆ ಇಲ್ಲ ಅನ್ನಬಾರದು ಅಂತಲೂ ಹೇಳಿತು. ಅದರ ನಂತರ 2022ರ ಆಗಸ್ಟ್‌ನಲ್ಲಿ ಶೇ. 40ಕ್ಕಿಂತ ಕಡಿಮೆ ಇರುವವರಿಗೂ ಮಾರ್ಗಸೂಚಿ ಬಂತು. ಆ ತೀರ್ಪಿನ ಮತ್ತು ಈಗ ಜಾರಿಯಲ್ಲಿರುವ ಮಾರ್ಗಸೂಚಿಯ ಪ್ರತಿ ತೆಗೆದು ಫೈಲಿನಲ್ಲಿ ಇಟ್ಟುಕೊಳ್ಳಿ. ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಕಾಗದ ಇಟ್ಟರೆ ಮಾತು ಬೇಗ ಮುಗಿಯುತ್ತದೆ.

ಹೆಜ್ಜೆ 5: ಯಾವ ರಿಯಾಯಿತಿ ಬೇಕು ಅಂತ ಪೆನ್ನು ಬದಲಿಸಿ ಕಂಡುಕೊಳ್ಳಿ

ಪಟ್ಟಿಯಲ್ಲಿರುವುದನ್ನೆಲ್ಲ ಬೇಕು ಅಂತ ಬರೆದುಕೊಡುವ ಪೋಷಕರಿದ್ದಾರೆ. ಅವರ ಆತಂಕ ಅರ್ಥವಾಗುತ್ತದೆ. ಆದರೆ ಬೇಡದ ಸಹಾಯ ಮಗುವಿಗೆ ಭಾರ. ವೇಗವಾಗಿ ಬರೆಯಬಲ್ಲ, ಓದುವುದು ಮಾತ್ರ ನಿಧಾನ ಇರುವ ಮಗುವಿಗೆ ಲಿಪಿಕಾರ ಕೊಟ್ಟರೆ ಅದು ಇನ್ನಷ್ಟು ತಡವರಿಸುತ್ತದೆ.

ನಾನು ಮಾಡುವ ಉಪಾಯ ಸುಲಭದ್ದು. ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು ನಿಗದಿತ ಸಮಯದವರೆಗೆ ನೀಲಿ ಪೆನ್ನಿನಲ್ಲಿ ಬರೆಸಿ. ಸಮಯ ಮುಗಿದ ತಕ್ಷಣ ಕಪ್ಪು ಪೆನ್ನು ಕೊಟ್ಟು ಇನ್ನೊಂದು ಗಂಟೆ ಬಿಡಿ. ತಿದ್ದುವಾಗ ನೀಲಿಗೆ ಎಷ್ಟು ಅಂಕ, ಕಪ್ಪಿಗೆ ಎಷ್ಟು ಅಂತ ಬೇರೆ ಬೇರೆ ಕೂಡಿ. ಕಪ್ಪು ಶಾಯಿಯಲ್ಲಿ ಹೊಸ ಉತ್ತರಗಳು ಬಂದಿದ್ದರೆ ಸಮಯದ ಅಗತ್ಯ ನಿಜ. ಕಪ್ಪಿನಲ್ಲಿ ಏನೂ ಬಾರದೆ ಮಗು ಸುಮ್ಮನೆ ಕೂತಿದ್ದರೆ ಕೊರತೆ ಸಮಯದ್ದಲ್ಲ. ಆಗ ಓದಿ ಹೇಳಿ ನೋಡಿ, ಇಲ್ಲವೇ ಬಾಯಿಯಲ್ಲಿ ಹೇಳಿಸಿ ನೀವು ಬರೆದು ನೋಡಿ. ಯಾವುದರಲ್ಲಿ ಉತ್ತರ ಹೊರಗೆ ಬರುತ್ತದೋ ಅದೇ ಆ ಮಗುವಿಗೆ ಬೇಕಾದ ಸಹಾಯ. ಪಾಠವೇ ಅರ್ಥವಾಗಿಲ್ಲ ಅಂತಲೂ ಗೊತ್ತಾಗಬಹುದು. ಆಗ ಮಗುವಿಗೆ ಬೇಕಿರುವುದು ಮತ್ತೆ ಪಾಠ ಹೇಳಿಸಿಕೊಳ್ಳುವುದು.

ವಿಷಯದಿಂದ ವಿಷಯಕ್ಕೂ ಇದು ಬದಲಾಗುತ್ತದೆ. ಆ ಬಸ್ಸಿನ ಲೆಕ್ಕದ ಹುಡುಗನಿಗೆ ಗಣಿತದಲ್ಲಿ ಓದಿ ಹೇಳಿದರೆ ಸಾಕಿತ್ತು, ಲೆಕ್ಕ ತಾನೇ ಬರೆಯುತ್ತಿದ್ದ. ಸಮಾಜ ವಿಜ್ಞಾನದಲ್ಲಿ ಲಿಪಿಕಾರ ಬೇಕೇ ಬೇಕಾಗಿತ್ತು.

ಭಾಷೆ ಅಥವಾ ವಿಷಯದ ವಿನಾಯಿತಿ ತೆಗೆದುಕೊಳ್ಳುವಾಗ ಮಾತ್ರ ಅವಸರ ಬೇಡ. ಮೂರನೇ ಭಾಷೆ ಬಿಟ್ಟರೆ ಎಷ್ಟೋ ಮಕ್ಕಳಿಗೆ ಉಸಿರಾಡಿದ ಹಾಗಾಗುತ್ತದೆ. ಗಣಿತ ಬಿಟ್ಟರೆ ಮುಂದೆ ಪಿಯು ವಿಜ್ಞಾನದ ದಾರಿ ಮುಚ್ಚುತ್ತದೆ. ಹದಿನೈದು ವರ್ಷದ ಮಗು "ಗಣಿತ ಬೇಡ" ಅನ್ನುವುದು ಸಹಜ. ಅದರ ಜೊತೆ ಕೂತು ಮುಂದಿನ ಎರಡು ವರ್ಷ ಹೇಗಿರುತ್ತದೆ ಅಂತ ಬಿಡಿಸಿ ಹೇಳಿ, ಆಮೇಲೆ ನಿರ್ಧಾರ ಮಾಡಿ.

ಹೆಜ್ಜೆ 6: ಅರ್ಜಿ ಮತ್ತು ಫೈಲು

ಹತ್ತನೇ ತರಗತಿ ಶುರುವಾದ ತಿಂಗಳಲ್ಲೇ ಮುಖ್ಯೋಪಾಧ್ಯಾಯರಿಗೆ ಬರೆದು ಕೊಡಿ, ಬಾಯಿಮಾತಿನಲ್ಲಿ ಬಿಡಬೇಡಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸಹಿ, ಮೊಹರು ಹಾಕಿಸಿಕೊಳ್ಳಿ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಆ ವರ್ಷದ ಸುತ್ತೋಲೆಯನ್ನು ಶಾಲೆಯಲ್ಲಿ ಕೇಳಿ ಓದಿ. ನಾಮಿನಲ್ ರೋಲ್ (ಪರೀಕ್ಷೆ ಬರೆಯುವ ಮಕ್ಕಳ ವಿವರದ ಪಟ್ಟಿ) ತುಂಬುವಾಗ ವಿಶೇಷ ಅಗತ್ಯದ ಕಲಂನಲ್ಲಿ ಮಗುವಿನ ವಿವರ ಸೇರಿದೆಯಾ ಅಂತ ನೀವೇ ನೋಡಿ. ಒಂದು ಸಲ ಅದು ಖಾಲಿ ಹೋದರೆ ಆಮೇಲೆ ತಿದ್ದಿಸಲು ಓಡಾಡಬೇಕು.

ಫೈಲಿನಲ್ಲಿ ಪ್ರಮಾಣಪತ್ರ, ಯುಡಿಐಡಿ, ತಪಾಸಣೆಯ ಪೂರ್ತಿ ವರದಿ, ನೀಲಿ–ಕಪ್ಪು ಹಾಳೆಗಳು, ಶಾಲೆಯ ಕಿರುಪರೀಕ್ಷೆಗಳಲ್ಲಿ ಇದೇ ರಿಯಾಯಿತಿ ಕೊಟ್ಟಿದ್ದಾರೆ ಅನ್ನುವ ಪತ್ರ ಇರಲಿ. ಲಿಪಿಕಾರ ಬೇಕಿದ್ದರೆ, ಬರೆದುಕೊಡುವ ಮಗುವಿನ ಫೋಟೋ, ವ್ಯಾಸಂಗ ಪ್ರಮಾಣಪತ್ರ ಕೂಡ. ಮಂಡಳಿಯ ಅನುಮತಿ ಪತ್ರ ಕೈಗೆ ಬಂದ ಮೇಲೆ ಐದಾರು ಜೆರಾಕ್ಸ್ ಮಾಡಿಸಿ. ಪರೀಕ್ಷಾ ಕೇಂದ್ರ ಬೇರೆ ಶಾಲೆಯಲ್ಲಿ ಬೀಳಬಹುದು, ಅಲ್ಲಿನವರಿಗೆ ನಿಮ್ಮ ಮಗು ಯಾರು ಅಂತ ಗೊತ್ತಿರುವುದಿಲ್ಲ.

ಹೆಜ್ಜೆ 7: ಲಿಪಿಕಾರ ಮತ್ತು ಮಗು ಜೊತೆಯಾಗಿ ಅಭ್ಯಾಸ ಮಾಡಬೇಕು

ಬಹಳ ಜನ ಕೈಬಿಡುವ ಹೆಜ್ಜೆ ಇದೇ. ಲಿಪಿಕಾರ ಸಿಕ್ಕಿದರೆ ಕೆಲಸ ಆಯ್ತು ಅಂದುಕೊಳ್ಳುತ್ತಾರೆ. ಇನ್ನೊಬ್ಬರಿಗೆ ಹೇಳಿ ಬರೆಸುವುದು ಒಂದು ವಿದ್ಯೆ, ಅದನ್ನು ಕಲಿಯಬೇಕು.

ಲಿಪಿಕಾರ ಕೆಳಗಿನ ತರಗತಿಯವರಾಗಿರಬೇಕು ಅನ್ನುವುದು ನಿಯಮ. ಹತ್ತನೆಯ ಮಗುವಿಗೆ ಸಾಮಾನ್ಯವಾಗಿ ಒಂಬತ್ತನೆಯವರು ಬರುತ್ತಾರೆ. ನ್ಯಾಯದ ಪ್ರಶ್ನೆಗೆ ಇಲ್ಲೇ ಒಂದು ದೊಡ್ಡ ಉತ್ತರ ಇದೆ. ಬರೆಯುವವರಿಗೆ ಆ ಪಾಠವೇ ಗೊತ್ತಿರುವುದಿಲ್ಲ. ಹೇಳಿದ್ದನ್ನಷ್ಟೇ ಬರೆಯಬಲ್ಲರು.

ನಮ್ಮ ಹುಡುಗನಿಗೆ ಬರೆಯೋಕೆ ಒಪ್ಪಿದ್ದು ಒಂಬತ್ತನೆಯ ಒಬ್ಬಳು ಹುಡುಗಿ. ಮೊದಲ ಅಭ್ಯಾಸ ನೋಡಿ ನನಗೆ ಹೆದರಿಕೆಯಾಯಿತು. ಅವನು ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದ. ಅವಳು ಎರಡು ಪದ ಬರೆಯುವಷ್ಟರಲ್ಲಿ ಅವನು ಮುಂದಿನ ಪ್ಯಾರಾದಲ್ಲಿರುತ್ತಿದ್ದ. "ಅಣ್ಣ, ನಿಧಾನ. ‘ಬಿಡು’ ಅಂದ್ರೆ ಸಾಲು ಬಿಡೋದಾ, ಹೊಡೆದು ಹಾಕೋದಾ?" ಅಂತ ಅವಳು ಕೇಳಿದಳು. ಅವತ್ತೇ ಅವರಿಬ್ಬರೂ ಪದಗಳನ್ನು ಗೊತ್ತು ಮಾಡಿಕೊಂಡರು. "ಹೊಸ ಸಾಲು" ಅಂದರೆ ಹೊಸ ಸಾಲು. "ಹೊಡಿ" ಅಂದರೆ ಹಿಂದಿನ ಪದ ಹೊಡೆದು ಹಾಕುವುದು. "ಓದು" ಅಂದರೆ ಇಲ್ಲಿಯವರೆಗೆ ಬರೆದದ್ದನ್ನು ಮೆಲ್ಲಗೆ ಓದಿ ಹೇಳುವುದು. ಏಳೆಂಟು ಸಲ ಕೂತ ಮೇಲೆ ಅವನ ಮಾತು ಅವಳ ಪೆನ್ನಿನ ವೇಗಕ್ಕೆ ಹೊಂದಿಕೊಂಡಿತು.

ಚಿತ್ರಗಳನ್ನು ಆದಷ್ಟು ಮಗುವೇ ಬರೆಯಲಿ. ಥೇಲ್ಸ್ ಪ್ರಮೇಯದ ತ್ರಿಭುಜವನ್ನು ಬಾಯಲ್ಲಿ ವರ್ಣಿಸಿ ಬರೆಸುವುದಕ್ಕಿಂತ ತಾನೇ ಗೆರೆ ಎಳೆಯುವುದು ಸುಲಭ. ಕೈಯೇ ಆಡದ ಮಗುವಾದರೆ ಬೇರೆ ಮಾತು. ಮಗುವೇ ಚಿತ್ರ ಬರೆಯೋಕೆ ಅವಕಾಶ ಇದೆಯಾ ಅಂತ ಕೇಂದ್ರದ ಮುಖ್ಯ ಅಧೀಕ್ಷಕರನ್ನು ಮುಂಚೆಯೇ ಕೇಳಿಕೊಳ್ಳಿ.

ಹೆಚ್ಚುವರಿ ಗಂಟೆಗೂ ಅಭ್ಯಾಸ ಬೇಕು. ನಾಲ್ಕು ಗಂಟೆ ಕೂರುವುದು ಮಗುವಿಗೆ ದಣಿವಿನ ಕೆಲಸ. ಆ ತಾಯಿಗೆ ನಾನು ಇದನ್ನು ಹೇಳಬೇಕಿತ್ತು. ಎಲ್ಲರೂ ಹೊರಗೆ ಹೋಗಿ ಉತ್ತರ ಮಾತಾಡಿಕೊಳ್ಳುವಾಗ ಈ ಮಗು ಒಳಗೇ ಕೂತಿರುತ್ತದೆ. ಸುಲಭದ ಪ್ರಶ್ನೆಗಳನ್ನು ಮೊದಲ ಎರಡು ಗಂಟೆಯಲ್ಲಿ ಮುಗಿಸಿ, ನೀರು ಕುಡಿದು, ಕೈ ಕೊಡವಿ, ಆಮೇಲೆ ಉದ್ದ ಪ್ರಶ್ನೆಗಳಿಗೆ ಹೋಗುವುದನ್ನು ಮನೆಯಲ್ಲಿ ರೂಢಿಸಿ.

ಹೆಜ್ಜೆ 8: ಪರೀಕ್ಷೆಯ ದಿನ

ಹಿಂದಿನ ದಿನವೇ ಕೇಂದ್ರಕ್ಕೆ ಹೋಗಿ ಅನುಮತಿ ಪತ್ರದ ಪ್ರತಿ ಕೊಡಿ, ಕೊಠಡಿ ನೋಡಿ ಬನ್ನಿ. ಲಿಪಿಕಾರ ಇದ್ದರೆ ಬೇರೆ ಕೊಠಡಿ ಬೇಕು, ಇಲ್ಲದಿದ್ದರೆ ಇವರ ಮಾತು ಉಳಿದ ಮಕ್ಕಳಿಗೆ ಕೇಳಿಸುತ್ತದೆ. ಇದೂ ನ್ಯಾಯದ ಮಾತೇ.

ಒಂದು ಕೇಂದ್ರದಲ್ಲಿ ಮೊದಲ ದಿನವೇ ಮೇಲ್ವಿಚಾರಕರು ನಮ್ಮ ವಿದ್ಯಾರ್ಥಿಯೊಬ್ಬನ ಉತ್ತರ ಪತ್ರಿಕೆಯನ್ನು ಎಲ್ಲರ ಜೊತೆಗೇ ಕಿತ್ತುಕೊಂಡರು. "ನನಗೆ ಯಾರೂ ಹೇಳಿಲ್ಲ" ಅಂದರು. ಮಗು ಹೆದರಿ ಏನೂ ಮಾತಾಡದೆ ಹೊರಗೆ ಬಂತು. ಅಂದಿನಿಂದ ನಾನು ಎರಡು ಕೆಲಸ ತಪ್ಪದೆ ಮಾಡಿಸುತ್ತೇನೆ. ಪತ್ರದ ಒಂದು ಜೆರಾಕ್ಸ್ ಮಗುವಿನ ಹಾಲ್ ಟಿಕೆಟ್ ಜೊತೆಗೇ ಇರುತ್ತದೆ. "ಸರ್, ನನಗೆ ಹೆಚ್ಚುವರಿ ಸಮಯಕ್ಕೆ ಅನುಮತಿ ಇದೆ, ಪತ್ರ ಇಲ್ಲಿದೆ" ಅನ್ನುವ ಒಂದು ಸಾಲನ್ನು ಮಗುವಿನಿಂದ ಮನೆಯಲ್ಲಿ ಹತ್ತು ಸಲ ಹೇಳಿಸುತ್ತೇವೆ. ದೊಡ್ಡವರ ಮುಂದೆ ನಿಂತು ಹಕ್ಕು ಕೇಳುವುದು ನಮ್ಮ ಮಕ್ಕಳಿಗೆ ಅಭ್ಯಾಸವಿಲ್ಲ. ಕಲಿಸಬೇಕು.

ಹೆಜ್ಜೆ 9: "ಇದು ನ್ಯಾಯವಾ?" ಅಂತ ಕೇಳಿದವರಿಗೆ

ಅವರನ್ನು ಬಾಯಿ ಮುಚ್ಚಿಸಬೇಡಿ. ಅವರ ಮಾತಿನಲ್ಲಿ ಸ್ವಲ್ಪ ನಿಜವೂ ಇದೆ. 2005ರಲ್ಲಿ ಸಂಶೋಧಕ ಸ್ಟೀಫನ್ ಸಿರೇಸಿ ಮತ್ತು ಜೊತೆಗಾರರು ಅಮೆರಿಕದಲ್ಲಿ ಅದುವರೆಗೆ ನಡೆದಿದ್ದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಹೆಚ್ಚುವರಿ ಸಮಯದಿಂದ ತೊಂದರೆ ಇರುವ ಮಕ್ಕಳಿಗೆ ಜಾಸ್ತಿ ಲಾಭ ಆಗುತ್ತದೆ, ಆದರೆ ಉಳಿದ ಮಕ್ಕಳಿಗೂ ಎಷ್ಟೋ ಸಲ ಸ್ವಲ್ಪ ಲಾಭ ಆಗುತ್ತದೆ ಅಂತ ಕಂಡಿತು. ಇದನ್ನು ಬಚ್ಚಿಡಬಾರದು.

ಹಾಗಾದರೆ ಏನು ಮಾಡೋದು? ನನ್ನ ತರಗತಿಯಲ್ಲಿ ಒಂದು ಸಲ ನೀಲಿ–ಕಪ್ಪು ಪೆನ್ನಿನ ಪರೀಕ್ಷೆಯನ್ನು ಎಲ್ಲರಿಗೂ ಮಾಡಿದೆ. ಮೂವತ್ತಕ್ಕೂ ಹೆಚ್ಚು ಮಕ್ಕಳು. ಹೆಚ್ಚಿನವರು ಕಪ್ಪು ಪೆನ್ನಿನಲ್ಲಿ ಅಡಿಗೆರೆ ಎಳೆದರು, ಒಂದೆರಡು ಲೆಕ್ಕ ಸರಿ ನೋಡಿದರು, ಅರ್ಧ ಗಂಟೆಯೊಳಗೆ ಎದ್ದರು. ಆದರೆ ನಾಲ್ಕೈದು ಮಕ್ಕಳು ಕಪ್ಪಿನಲ್ಲಿ ಪುಟಗಟ್ಟಲೆ ಬರೆದರು. ಅವರ ಹತ್ತಿರ ಯಾವ ಪ್ರಮಾಣಪತ್ರವೂ ಇರಲಿಲ್ಲ. ಅದರಲ್ಲಿ ಇಬ್ಬರನ್ನು ಆಮೇಲೆ ತಪಾಸಣೆಗೆ ಕಳಿಸಿದೆವು. ಉಳಿದವರನ್ನು ನೋಡಿ ನನಗೆ ಹೊಳೆದದ್ದು, ನನ್ನ ಪತ್ರಿಕೆಯೇ ಸಮಯಕ್ಕಿಂತ ಉದ್ದವಾಗಿತ್ತು. ಎಲ್ಲ ಮಕ್ಕಳಿಗೂ ಸಾಕಾಗುವಷ್ಟು ಸಮಯದ ಪತ್ರಿಕೆ ಮಾಡಿದರೆ ಹೆಚ್ಚುವರಿ ಗಂಟೆಯ ಲಾಭ ಅದು ಬೇಕಾದವರಿಗೆ ಮಾತ್ರ ಹೋಗುತ್ತದೆ. ಶಿಕ್ಷಕರ ಕೈಯಲ್ಲೇ ಇರುವ ನ್ಯಾಯ ಇದು. ಈಗ ನಾನು ಪತ್ರಿಕೆ ಮಾಡಿದ ಮೇಲೆ ನಾನೇ ಕೂತು ಬರೆದು ನೋಡುತ್ತೇನೆ. ನನಗೆ ಹಿಡಿದ ಸಮಯದ ಮೂರರಷ್ಟಾದರೂ ಮಕ್ಕಳಿಗೆ ಸಿಗಬೇಕು ಅಂತ ಲೆಕ್ಕ ಇಟ್ಟುಕೊಂಡಿದ್ದೇನೆ.

ಸುಳ್ಳು ಪ್ರಮಾಣಪತ್ರದ ಮಾತೂ ಬರುತ್ತದೆ. 2019ರಲ್ಲಿ ಅಮೆರಿಕದಲ್ಲಿ ಕಾಲೇಜು ಪ್ರವೇಶದ ದೊಡ್ಡ ಹಗರಣ ಹೊರಬಂದಾಗ, ಹಣವಂತ ಪೋಷಕರು ಮಕ್ಕಳಿಗೆ ಕಲಿಕಾ ನ್ಯೂನತೆ ಇದೆ ಅಂತ ಕಾಗದ ಮಾಡಿಸಿ ಹೆಚ್ಚುವರಿ ಸಮಯ ಪಡೆದದ್ದು ಗೊತ್ತಾಯಿತು. ಅದರ ಪೆಟ್ಟು ಬಿದ್ದದ್ದು ನಿಜವಾದ ತೊಂದರೆ ಇರುವ ಮಕ್ಕಳ ಮೇಲೆ, ಎಲ್ಲರೂ ಅವರನ್ನೂ ಅನುಮಾನದಿಂದ ನೋಡುವಂತಾಯಿತು. ಹಾಗಾಗಿ ದಾಖಲೆ ಗಟ್ಟಿಯಾಗಿರಬೇಕು ಅನ್ನುವುದು ನಮ್ಮ ಮಕ್ಕಳ ಹಿತವೇ. ಐದನೇ ತರಗತಿಯಿಂದ ದಿನಾಂಕ ಹಾಕಿ ಎತ್ತಿಟ್ಟ ಹಾಳೆಗಳನ್ನು ಯಾರೂ ಹತ್ತನೇ ತರಗತಿಯಲ್ಲಿ ಕೂತು ಹೊಸದಾಗಿ ಹುಟ್ಟಿಸೋಕೆ ಆಗಲ್ಲ.

ನನಗೆ ಇದಕ್ಕಿಂತ ದೊಡ್ಡ ಅನ್ಯಾಯವಾಗಿ ಕಾಣುವುದು ಬೇರೆ. ಪಟ್ಟಣದ ಓದಿದ ಪೋಷಕರು ಪತ್ರ ಮಾಡಿಸಿಕೊಳ್ಳುತ್ತಾರೆ. ಕೂಲಿಗೆ ಹೋಗುವ ಅಪ್ಪ ಎರಡು ದಿನದ ಸಂಬಳ ಬಿಟ್ಟು ಮಗುವನ್ನು ಮೈಸೂರಿಗೋ ಬೆಂಗಳೂರಿಗೋ ಕರೆದೊಯ್ಯಲಾರ. ಆ ಮಗು "ದಡ್ಡ" ಅನ್ನಿಸಿಕೊಂಡು ಶಾಲೆ ಬಿಡುತ್ತದೆ. ಶಿಕ್ಷಕರು ಮನಸ್ಸು ಮಾಡಿದರೆ ನಾಲ್ಕೈದು ಮಕ್ಕಳನ್ನು ಒಟ್ಟಿಗೆ ಸೇರಿಸಿ, ಬಿಐಇಆರ್‌ಟಿ ಮೂಲಕ ದಿನ ಗೊತ್ತು ಮಾಡಿಸಿ ಕರೆದುಕೊಂಡು ಹೋಗಬಹುದು. ನಾವು ಹಾಗೆ ಮಾಡಿದ್ದೇವೆ.

ಹೆಜ್ಜೆ 10: ಎಸ್‌ಎಸ್‌ಎಲ್‌ಸಿ ಆದ ಮೇಲೆ

ಫಲಿತಾಂಶ ಬಂದಾಗ ಅಂಕ ನಿರೀಕ್ಷೆಗಿಂತ ತೀರಾ ಕಡಿಮೆ ಇದ್ದರೆ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ ನೋಡಿ. ಕಾಗುಣಿತಕ್ಕಾಗಿ ಅಂಕ ಕಳೆದಿದ್ದಾರಾ, ಕೊನೆಯ ಪುಟಗಳನ್ನು ನೋಡಿದ್ದಾರಾ ಅಂತ ಗೊತ್ತಾಗುತ್ತದೆ. ಬೇಕಿದ್ದರೆ ಮರುಮೌಲ್ಯಮಾಪನಕ್ಕೆ ಹಾಕಬಹುದು.

ಪಿಯು ಸೇರಿದ ವಾರದಲ್ಲೇ ಪ್ರಾಂಶುಪಾಲರಿಗೆ ಫೈಲು ತೋರಿಸಿ. ಹೈಸ್ಕೂಲಿನಲ್ಲಿ ಗೊತ್ತಿದ್ದ ವಿಷಯ ಕಾಲೇಜಿಗೆ ತಾನಾಗಿಯೇ ಹೋಗುವುದಿಲ್ಲ. ಸಿಇಟಿ, ನೀಟ್ ಬರೆಯುವ ಮಗುವಾದರೆ ಅರ್ಜಿ ತುಂಬುವಾಗಲೇ ನ್ಯೂನತೆಯ ವಿವರ ಕೊಡಬೇಕು. ಅವನಿ ಪ್ರಕಾಶ್ ಅವರ ಪ್ರಕರಣ ನೆನಪಿರಲಿ. ಬರವಣಿಗೆಯ ನ್ಯೂನತೆ ಇದ್ದ ಆ ವಿದ್ಯಾರ್ಥಿನಿಗೆ 2021ರ ನೀಟ್‌ನಲ್ಲಿ ಹೆಚ್ಚುವರಿ ಒಂದು ಗಂಟೆ ಕೊಡಲಿಲ್ಲ. ಅವರಿಗೆ ಅನ್ಯಾಯವಾಗಿದೆ ಅಂತ ಅದೇ ವರ್ಷ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಆದರೆ ಮರುಪರೀಕ್ಷೆಗೆ ಆದೇಶಿಸಲಿಲ್ಲ. ಹೋದ ಗಂಟೆಯನ್ನು ವಾಪಸ್ ತರೋಕೆ ಕೋರ್ಟಿಗೂ ಕಷ್ಟ. ಅದಕ್ಕೇ ಎಲ್ಲವನ್ನೂ ಮುಂಚೆಯೇ ಕಾಗದದಲ್ಲಿ ಪಡೆಯಿರಿ.

ಮಗುವಿಗೆ 18 ತುಂಬುವ ಹೊತ್ತಿಗೆ ಸಾಮಾನ್ಯವಾಗಿ ದ್ವಿತೀಯ ಪಿಯು ಮುಗಿಯುತ್ತಿರುತ್ತದೆ. ಪರೀಕ್ಷೆ, ಪ್ರವೇಶದ ಗಡಿಬಿಡಿಯಲ್ಲಿ ಕೊನೆಯ ತಪಾಸಣೆ ಮರೆತುಹೋಗುತ್ತದೆ. ಹುಟ್ಟುಹಬ್ಬದ ತಿಂಗಳಿಗೆ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಡಿ.